ಮೇಪಲ್ ಬೀದಿಯಲ್ಲಿ ಸಂಜೆ 6.43

ಶನಿವಾರದ ಸಂಜೆ, ಬೇಸಿಗೆ ಇನ್ನೇನು ಮುಗಿಯಬೇಕು. ಸಾಲುಮರಗಳ ನಡುವೆ ಒಂದು ಬೀದಿ. ಐಸ್‌ಕ್ರೀಮ್ ಮಾರುವವನ ಗಂಟೆಗೆ ಮಕ್ಕಳು ಓಡಿಬರುತ್ತಿದ್ದಾರೆ. ಒಬ್ಬ ಕಾರು ತೊಳೆಯುತ್ತಿದ್ದಾನೆ, ಇನ್ನೊಬ್ಬ ಹುಲ್ಲುಹಾಸಿಗೆ ನೀರು ಹಾಯಿಸುತ್ತಿದ್ದಾನೆ. ತಲೆಯ ಮೇಲೆ ಏನೋ ಗುಡುಗುತ್ತ ಹಾದುಹೋಗುತ್ತದೆ, ಫಳ್ಳನೆ ಒಂದು ಬೆಳಕು. ಉಲ್ಕೆ ಇರಬೇಕು ಅನ್ನುತ್ತಾರೆ. ಅಷ್ಟರಲ್ಲಿ ಕರೆಂಟು ಹೋಗಿದೆ, ಫೋನು ಸತ್ತಿದೆ, ಕೈರೇಡಿಯೊ ಸದ್ದಿಲ್ಲ, ಕಾರುಗಳು ಸ್ಟಾರ್ಟ್ ಆಗುತ್ತಿಲ್ಲ. ಸಮಯ ಸಂಜೆ 6.43 ಎಂದು ತೆರೆಯ ಹಿಂದಿನ ದನಿಯೊಂದು ಪಂಚನಾಮೆ ಬರೆಸುವವರ ಹಾಗೆ ನಿಮಿಷ ಸಮೇತ ದಾಖಲಿಸುತ್ತದೆ. ಆ ರಾತ್ರಿ ಕಳೆಯುವುದರೊಳಗೆ ಈ ಬೀದಿಯಲ್ಲಿ ಒಬ್ಬ ನೆರೆಯವನು ಗುಂಡೇಟಿಗೆ ಸತ್ತಿರುತ್ತಾನೆ, ಇನ್ನೊಬ್ಬನ ಹಣೆ ಕಲ್ಲೇಟಿಗೆ ಒಡೆದಿರುತ್ತದೆ, ಒಬ್ಬ ಹುಡುಗನನ್ನು ದೊಡ್ಡವರೆಲ್ಲ ಅಟ್ಟಿಸಿಕೊಂಡು ಹೋಗಿರುತ್ತಾರೆ. ಹೊರಗಿನವರು ಯಾರೂ ಬೀದಿಗೆ ಕಾಲಿಟ್ಟಿರುವುದಿಲ್ಲ.

ಇದು ‘ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್’. ಅಮೆರಿಕದ ಸಿಬಿಎಸ್ ಜಾಲದಲ್ಲಿ 1960ರ ಮಾರ್ಚ್ 4ರ ಶುಕ್ರವಾರ ರಾತ್ರಿ ಮೊದಲ ಸಲ ಬಿತ್ತರವಾದ ಅರ್ಧ ಗಂಟೆಯ ಕಪ್ಪುಬಿಳುಪು ಕಂತು. ‘ದಿ ಟ್ವಿಲೈಟ್ ಝೋನ್’ ಸರಣಿಯ ಮೊದಲ ಸೀಸನ್ನಿನ 22ನೆಯದು. ಬರೆದವರು ಸರಣಿಯ ಜನಕ ರಾಡ್ ಸರ್ಲಿಂಗ್, ನಿರ್ದೇಶನ ರಾನ್ ವಿನ್‌ಸ್ಟನ್. 1959ರಿಂದ 1964ರವರೆಗೆ ನಡೆದ ಸರಣಿಯ 156 ಕಂತುಗಳಲ್ಲಿ 92ನ್ನು ಸರ್ಲಿಂಗ್ ತಾವೇ ಬರೆದರು. ಅವುಗಳಲ್ಲಿ ಅನೇಕವು ಇಂದು ಜಾಣ ತಿರುವಿನ ಕತೆಗಳಾಗಿ ಮಾತ್ರ ಉಳಿದಿವೆ. ಒಮ್ಮೆ ತಿರುವು ಗೊತ್ತಾದ ಮೇಲೆ ಮತ್ತೆ ನೋಡುವ ಉಮೇದು ಇರುವುದಿಲ್ಲ. ಮೇಪಲ್ ಬೀದಿ ಆ ಗುಂಪಿಗೆ ಸೇರುವುದಿಲ್ಲ. ಇದಕ್ಕೂ ಕೊನೆಯಲ್ಲೊಂದು ತಿರುವಿದೆ, ಆದರೆ ಅದೇ ಇದರ ಅತ್ಯಂತ ದುರ್ಬಲ ಭಾಗ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಆಮೇಲೆ ಬರುತ್ತೇನೆ.

ಅಮೆರಿಕದ ಶಾಲೆಗಳಲ್ಲಿ ಈ ಚಿತ್ರಕತೆ ಬಹುಕಾಲದಿಂದ ಪಠ್ಯ. ಮಕ್ಕಳು ಪಾತ್ರಗಳನ್ನು ಹಂಚಿಕೊಂಡು ಗಟ್ಟಿಯಾಗಿ ಓದುತ್ತಾರೆ, ಮುನ್ಸೂಚನೆ ಎಲ್ಲಿದೆ, ವ್ಯಂಗ್ಯ ಎಲ್ಲಿದೆ, ಸಂಕೇತ ಯಾವುದು ಎಂದು ಗುರುತು ಹಾಕುತ್ತಾರೆ. ನಿಜವಾದ ರಾಕ್ಷಸರು ಯಾರು ಎಂಬ ಪ್ರಶ್ನೆಗೆ ಮನುಷ್ಯರೇ ಎಂದು ಉತ್ತರ ಬರೆದು ಅಂಕ ಪಡೆಯುತ್ತಾರೆ. ಉತ್ತರವೇನೋ ಸರಿ. ಆದರೆ ಪ್ರಶ್ನೆ ತೀರಾ ಸಲೀಸು. ಒಳ್ಳೆಯ ನೆರೆಹೊರೆಯವರು ಕೆಲವೇ ಗಂಟೆಯಲ್ಲಿ ಅಲ್ಲಿಗೆ ಮುಟ್ಟಿದ್ದು ಯಾವ ಮೆಟ್ಟಿಲುಗಳನ್ನು ಇಳಿದು ಎಂಬುದನ್ನು ನೋಡಿದರೆ ಸರ್ಲಿಂಗ್ ಅವರ ಕಸುಬು ಕಣ್ಣಿಗೆ ಬೀಳುತ್ತದೆ.

ಮೊದಲ ಮೆಟ್ಟಿಲು ಟಾಮಿ ಎಂಬ ಹುಡುಗ. ಪಕ್ಕದ ಫ್ಲೋರಲ್ ಬೀದಿಯಲ್ಲೂ ಕರೆಂಟು ಹೋಗಿದೆಯೇ ನೋಡಿಬರುತ್ತೇನೆಂದು ಪೀಟ್ ವ್ಯಾನ್ ಹಾರ್ನ್ ಎಂಬಾತ ಆಗಲೇ ಹೊರಟುಹೋಗಿದ್ದಾನೆ. ಸ್ಟೀವ್ ಬ್ರ್ಯಾಂಡ್ ಮತ್ತು ಚಾರ್ಲಿ ಎಂಬಿಬ್ಬರು ಪೇಟೆಗೆ ನಡೆದು ಪೊಲೀಸರನ್ನು ವಿಚಾರಿಸೋಣ ಅಂದುಕೊಂಡಿದ್ದಾರೆ. ಟಾಮಿ ತಡೆಯುತ್ತಾನೆ. ಹೋಗಬೇಡಿ, ಅವರಿಗೆ ಅದು ಇಷ್ಟವಿಲ್ಲ. ಅವರು ಯಾರು? ಬೇರೆ ಲೋಕದವರು. ತಾನು ಓದಿದ ಕತೆಗಳಲ್ಲೆಲ್ಲ ಹಾಗೇ: ದಾಳಿಗೆ ಮುಂಚೆ ಮನುಷ್ಯರ ಹಾಗೇ ಕಾಣುವ ಒಂದು ಸಂಸಾರವನ್ನು, ಅಪ್ಪ, ಅಮ್ಮ, ಮಕ್ಕಳು, ಮೊದಲೇ ಕಳಿಸಿರುತ್ತಾರೆ. ದೊಡ್ಡವರು ನಗುತ್ತಾರೆ. ನಗು ನಿಂತ ಮೇಲೂ ಆ ಮಾತು ಗಾಳಿಯಲ್ಲೇ ಉಳಿಯುತ್ತದೆ.

ಇಲ್ಲಿ ಸರ್ಲಿಂಗ್ ಮಾಡಿರುವ ಚಳಕ ಮೊದಲ ನೋಟಕ್ಕೆ ಸಿಗುವಂಥದ್ದಲ್ಲ. ಕತೆ ಮುಗಿದಾಗ ತಿಳಿಯುತ್ತದೆ, ಬೇರೆ ಲೋಕದವರು ನಿಜಕ್ಕೂ ಬಂದಿದ್ದಾರೆ. ಅಂದರೆ ಹುಡುಗನ ಮಾತಿನ ಅರ್ಧ ಸತ್ಯ. ನಿಮ್ಮೊಳಗೇ ಅವರ ಕಡೆಯವರಿದ್ದಾರೆ ಎಂಬ ಉಳಿದರ್ಧ ಮಾತ್ರ ಸುಳ್ಳು. ಬೀದಿ ಎರಡನ್ನೂ ಒಂದೇ ಗುಟುಕಿನಲ್ಲಿ ಕುಡಿಯಿತು. ಪೂರಾ ಸುಳ್ಳಾಗಿದ್ದರೆ ಸ್ಟೀವನಂಥ ವಿವೇಕಿ ಅದನ್ನು ಅಲ್ಲೇ ಹೊಸಕಿ ಹಾಕಬಹುದಿತ್ತೋ ಏನೋ. ಸತ್ಯಕ್ಕೆ ಅಂಟಿಕೊಂಡು ಬಂದ ಸುಳ್ಳನ್ನು ಬಿಡಿಸುವುದಕ್ಕೆ ಕತ್ತಲಲ್ಲಿ ಯಾರಿಗೂ ತಾಳ್ಮೆ ಇರಲಿಲ್ಲ. (ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆಂದು 1954ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯೇ ವಿಚಾರಣೆ ನಡೆಸಿತ್ತು. ಅಂಥ ಕತೆ ಓದಿದ ಹುಡುಗನಿಗಿಂತ ಅದನ್ನು ಕಿವಿಯಾರೆ ಕೇಳಿದ ದೊಡ್ಡವರೇ ಹೆಚ್ಚು ಕೆಡುವುದನ್ನು ತೋರಿಸಿ ಸರ್ಲಿಂಗ್ ಆ ಸಮಿತಿಗೂ ಒಂದು ಚಿವುಟು ಹಾಕಿದ್ದಾರೆ ಎಂದುಕೊಳ್ಳಲು ನನಗೆ ಖುಷಿ.)

ಎರಡನೆಯ ಮೆಟ್ಟಿಲಲ್ಲಿ ಲೆಸ್ ಗುಡ್‌ಮನ್ನನ ಕಾರು ತಾನಾಗಿ ಸ್ಟಾರ್ಟ್ ಆಗುತ್ತದೆ. ಯಾರೂ ಕೀಲಿ ತಿರುಗಿಸಿಲ್ಲ. ಬೀದಿಯ ಅಷ್ಟೂ ಕಾರುಗಳು ಸತ್ತಿರುವಾಗ ಅವನದೊಂದೇ ಯಾಕೆ ಗುರುಗುಟ್ಟಬೇಕು? ಆಗ ಒಬ್ಬ ಹೆಂಗಸಿಗೆ ನೆನಪಾಗುತ್ತದೆ: ಅಪರಾತ್ರಿಯಲ್ಲಿ ಎದ್ದಾಗ ಈ ಗುಡ್‌ಮನ್ ಹೊರಗೆ ನಿಂತು ಆಕಾಶ ನೋಡುತ್ತಿರುವುದನ್ನು ತಾನು ಕಂಡಿದ್ದೇನೆ, ಯಾರಿಗೋ ಕಾಯುವವರ ಹಾಗೆ. ಗುಡ್‌ಮನ್ ತಬ್ಬಿಬ್ಬಾಗುತ್ತಾನೆ. ಅವನಿಗೆ ನಿದ್ರಾಹೀನತೆ. ರಾತ್ರಿ ನಿದ್ದೆ ಬಾರದಿದ್ದರೆ ಹೊರಗೆ ಬರುತ್ತಾನೆ, ನಕ್ಷತ್ರ ನೋಡುತ್ತಾನೆ. ಅಷ್ಟೇ.

ಆ ಹೆಂಗಸು ಸುಳ್ಳು ಹೇಳಲಿಲ್ಲ. ಅವಳು ಕಂಡದ್ದು ನಿಜ, ಗುಡ್‌ಮನ್ ಅದನ್ನು ಒಪ್ಪುತ್ತಾನೆ. ಮೇಪಲ್ ಬೀದಿಯಲ್ಲಿ ಆ ರಾತ್ರಿ ಹೊರಬೀಳುವ ಸಾಕ್ಷ್ಯಗಳನ್ನು ಒಂದೊಂದಾಗಿ ತೆಗೆದು ನೋಡಿ: ಒಬ್ಬ ಆಕಾಶ ನೋಡಿದ, ಒಬ್ಬನ ಹತ್ತಿರ ಹವ್ಯಾಸಿಗಳು ದೂರದವರೊಂದಿಗೆ ಮಾತಾಡುವ ಹ್ಯಾಮ್ ರೇಡಿಯೊ ಇದೆ, ಒಬ್ಬನ ಮನೆಯ ದೀಪ ಹತ್ತಿತು. ಎಲ್ಲವೂ ಸತ್ಯ. ಯಾರೂ ಕಟ್ಟುಕತೆ ಹೇಳುವ ಅಗತ್ಯವೇ ಬೀಳುವುದಿಲ್ಲ. ನಿನ್ನೆಯವರೆಗೆ ನೆರೆಯವನ ಚಾಳಿಯಾಗಿದ್ದದ್ದು ಇವತ್ತು ಪುರಾವೆ. ಪತ್ತೇದಾರಿ ಕತೆಯಲ್ಲಿ ಸಣ್ಣ ವಿವರಗಳನ್ನು ಕೂಡಿಸಿದರೆ ಅಪರಾಧಿ ಸಿಗುತ್ತಾನೆ ಎಂಬುದು ಓದುಗನಿಗೆ ಅಭ್ಯಾಸವಾದ ಓಟ. ಸರ್ಲಿಂಗ್ ಅದೇ ಓಟವನ್ನು ತಲೆಕೆಳಗು ಮಾಡಿ ಪ್ರೇಕ್ಷಕನ ಮೇಲೇ ಬಿಡುತ್ತಾರೆ. ಕಾರು ತಾನಾಗಿ ಸ್ಟಾರ್ಟ್ ಆದಾಗ ನಾವೂ ಗುಡ್‌ಮನ್ನನ ಮುಖವನ್ನು ಒಂದು ಕ್ಷಣ ಅನುಮಾನದಿಂದ ನೋಡಿರುತ್ತೇವೆ. ಕತೆ ಅವನ ಪರ ಎಂದು ಗೊತ್ತಾಗುವ ಹೊತ್ತಿಗೆ ನಾವು ಗುಂಪಿನೊಳಗೆ ನಿಂತಾಗಿರುತ್ತದೆ.

ಸ್ಥಳ ಒಂದೇ, ಕಾಲ ಒಂದು ಇಳಿಸಂಜೆಯಿಂದ ರಾತ್ರಿಯವರೆಗೆ. ಗ್ರೀಕ್ ರಂಗಭೂಮಿಯ ಮೇಳದಂತೆ ಬೀದಿಯ ಜನ ಒಟ್ಟಾಗಿ ನಿಂತಿರುತ್ತಾರೆ, ಒಟ್ಟಾಗಿ ಸರಿಯುತ್ತಾರೆ. ಆ ಮೇಳದಿಂದ ಒಬ್ಬೊಬ್ಬರನ್ನೇ ಆಚೆ ತಳ್ಳಿ ಎದುರು ನಿಲ್ಲಿಸುವುದೇ ಇಡೀ ಕಂತಿನ ಚಲನೆ. ಎಂಜಿಎಂ ಸ್ಟುಡಿಯೊದ ಹಿಂದಿನ ಸೆಟ್ಟಿನಲ್ಲಿ ನಿಂತಿದ್ದ ಆ ಬೀದಿ ಮೊದಮೊದಲು ಕ್ಯಾಲೆಂಡರಿನ ಚಿತ್ರದಂತೆ ನೇರವಾಗಿ, ತಿಳಿಯಾಗಿ ಕಾಣುತ್ತದೆ. ಕೊನೆಯ ಗಲಭೆಯಲ್ಲಿ ಕ್ಯಾಮೆರಾ ವಾಲುತ್ತದೆ, ಓಡುವ ಕಾಲುಗಳೂ ಕಿರುಚುವ ಬಾಯಿಗಳೂ ಚೌಕಟ್ಟಿನಲ್ಲಿ ತುಂಬಿಕೊಳ್ಳುತ್ತವೆ. ಬೆಳಕು ಒಳ್ಳೆಯದು, ಕತ್ತಲು ಕೆಟ್ಟದ್ದು ಎಂಬ ಹಳೆಯ ಸಂಕೇತವನ್ನೂ ಸರ್ಲಿಂಗ್ ಉಲ್ಟಾ ಮಾಡುತ್ತಾರೆ. ಈ ಬೀದಿಯಲ್ಲಿ ಯಾರ ಮನೆಯಲ್ಲಿ ಬೆಳಕು ಬಂತೋ ಅವರಿಗೆ ಕೇಡು. ಎಲ್ಲರ ಜೊತೆ ಕತ್ತಲಲ್ಲಿರುವವನೇ ಕ್ಷೇಮ.

ಸ್ಟೀವ್ ಬ್ರ್ಯಾಂಡ್ ಪಾತ್ರ ಮಾಡಿದವರು ಕ್ಲಾಡ್ ಏಕಿನ್ಸ್. ದೊಡ್ಡ ಆಳು, ನಿಧಾನದ ದನಿ. ಗುಂಪಿನ ವಿರುದ್ಧ ಮಾತಾಡುವವನು ಅವನೊಬ್ಬನೇ. ಅವನ ಆಯುಧ ವ್ಯಂಗ್ಯ. ಅವನ ನೆಲಮಾಳಿಗೆಯಲ್ಲೊಂದು ರೇಡಿಯೊ ಇದೆಯಂತೆ, ಅದನ್ನು ನಾವು ಯಾರೂ ನೋಡಿಯೇ ಇಲ್ಲ, ರಾತ್ರಿ ಯಾರೊಂದಿಗೆ ಮಾತಾಡುತ್ತೀಯ ಎಂದು ಜನ ಕೇಳಿದಾಗ ಅವನು ರೇಗಿ ಹೇಳುತ್ತಾನೆ: ಅನ್ಯಲೋಕದ ರಾಕ್ಷಸರ ಜೊತೆ, ಮೂರು ತಲೆಯ ಹಸಿರು ಮನುಷ್ಯರ ಜೊತೆ. ಬೇರೆ ಯಾವ ಸಂಜೆಯಾಗಿದ್ದರೂ ಬೀದಿಗೆ ಬೀದಿಯೇ ನಗುತ್ತಿತ್ತು. ಈಗ ಯಾರೂ ನಗುವುದಿಲ್ಲ. ಬರಹಗಾರನೊಬ್ಬ ತನ್ನ ಅತ್ಯಂತ ಹರಿತವಾದ ಅಲಂಕಾರವನ್ನು ಪಾತ್ರದ ಕೈಗೆ ಕೊಟ್ಟು, ಅದು ಮೊಂಡಾಗುವುದನ್ನು ನಮಗೆ ತೋರಿಸುತ್ತಾನೆ. ಹೇಳಿದ್ದಕ್ಕೆ ಉಲ್ಟಾ ಅರ್ಥ ಹಿಡಿಯಬೇಕಾದರೆ ಕೇಳುವವನಿಗೆ ಹೇಳಿದವನ ಮೇಲೆ ಒಂದಿಷ್ಟು ವಿಶ್ವಾಸ ಬೇಕು. ಅದು ಆವಿಯಾದ ಮೇಲೆ ವ್ಯಂಗ್ಯ ತಪ್ಪೊಪ್ಪಿಗೆಯ ಹಾಗೆ ಕೇಳಿಸುತ್ತದೆ. ಪಠ್ಯಪುಸ್ತಕಗಳು ಇಲ್ಲಿ ವ್ಯಂಗ್ಯವಿದೆ ಎಂದು ಗೆರೆ ಎಳೆದು ಮುಂದೆ ಹೋಗುತ್ತವೆ. ನನಗೆ ಇಡೀ ಕಂತಿನಲ್ಲಿ ಎದೆ ಝಲ್ಲೆನಿಸುವುದು ಇಲ್ಲೇ, ಗುಂಡಿನ ಸದ್ದಿನಲ್ಲೂ ಅಲ್ಲ.

ಗುಂಡು ಹಾರಿಸುವವನು ಚಾರ್ಲಿ. ಜ್ಯಾಕ್ ವೆಸ್ಟನ್ ಆ ಪಾತ್ರವನ್ನು ಆಡಿದ ರೀತಿ ನೋಡಬೇಕು. ಬಣ್ಣಬಣ್ಣದ ಅಂಗಿಯ ಬೊಜ್ಜಿನ ಮನುಷ್ಯ, ಮೊದಲು ತಮಾಷೆಯಾಗಿಯೇ ಕಾಣುತ್ತಾನೆ. ಬೀದಿಯ ಬಾಯಾಳಿ. ಕತ್ತಲಲ್ಲಿ ದೂರದಿಂದ ಒಂದು ಆಕಾರ ನಡೆದುಬರುತ್ತದೆ. ಇದೇ ರಾಕ್ಷಸ ಎಂದು ಕೂಗೇಳುತ್ತದೆ. ಸ್ಟೀವ್ ತಡೆಯುವಷ್ಟರಲ್ಲಿ ಚಾರ್ಲಿಯ ಕೈಗೆ ಬಂದೂಕು ಸಿಕ್ಕಿದೆ. ಬಿದ್ದವನು ಪೀಟ್ ವ್ಯಾನ್ ಹಾರ್ನ್, ಸಂಜೆ ಎಲ್ಲರ ಕಣ್ಣೆದುರೇ ಪಕ್ಕದ ಬೀದಿಗೆ ಹೋಗಿಬರುತ್ತೇನೆಂದು ಹೊರಟವನು. ಹೋಗುವಾಗ ಅವನ ಕೆಲಸದ ಬಟ್ಟೆಗೆ ಸುತ್ತಿಗೆಯೊಂದು ನೇತಾಡುತ್ತಿತ್ತು. ರಿಪೇರಿ ಕೆಲಸ ಮಾಡುತ್ತಿದ್ದವನ ಸುತ್ತಿಗೆ. ಆಗ ನಮಗೆ ಅದು ಕಂಡೂ ಕಾಣಲಿಲ್ಲ. ಮುನ್ಸೂಚನೆ ಎಂದರೆ ಇದು: ಕಣ್ಣಿಗೆ ಬಿದ್ದಾಗ ಏನನ್ನೂ ಸೂಚಿಸದೆ, ತಿರುಗಿ ನೋಡಿದಾಗ ಚುಚ್ಚುವಂಥದ್ದು. ಬೀದಿ ಅವನನ್ನು ಮರೆತೇಬಿಟ್ಟಿತ್ತು. ಇನ್ನೊಂದು ಬೀದಿಯ ಸುದ್ದಿ ತರಬೇಕಾದವನು ಅವನೊಬ್ಬನೇ, ಆ ಸುದ್ದಿ ಅವನ ಜೊತೆಗೇ ಹೋಯಿತು.

ಮರುಕ್ಷಣ ಚಾರ್ಲಿಯ ಮನೆಯ ದೀಪ ಹತ್ತುತ್ತದೆ. ಆಗ ಅವನ ಮೇಲೆ ಬೆರಳು ತೋರುವವರಲ್ಲಿ ಮುಂದೆ ನಿಂತಿರುವವನು ಲೆಸ್ ಗುಡ್‌ಮನ್. ನಿದ್ದೆ ಬಾರದ ಅದೇ ಗುಡ್‌ಮನ್. ಯಾರನ್ನು ನಂಬಬಾರದೆಂದು ಹೇಳಲು ನೀನೇ ಮುಂದು, ಕೊಲ್ಲಲೂ ನೀನೇ ಮುಂದು, ಪೀಟ್ ನಮಗೇನೋ ಹೇಳಲು ಬರುತ್ತಿದ್ದನೇನೋ, ಅದಕ್ಕೇ ಅವನ ಬಾಯಿ ಮುಚ್ಚಿಸಿದೆಯಾ ಎಂದು ಕೇಳುತ್ತಾನೆ. ಸ್ವತಃ ಅನುಮಾನದ ಉರಿಯಲ್ಲಿ ನಿಂತು ಬಂದವನು ಇನ್ನೊಬ್ಬನಿಗೆ ಅದೇ ಉರಿ ಹಚ್ಚುತ್ತಾನೆ. ಕೆಟ್ಟತನದಿಂದಲ್ಲ, ಪಾರಾದ ನಿರಾಳದಿಂದ. ಚಾರ್ಲಿ ಓಡುತ್ತಾನೆ, ಕಲ್ಲುಗಳು ಬೀಳುತ್ತವೆ, ಹಣೆಯಿಂದ ರಕ್ತ ಸುರಿಯುವಾಗ ಅವನೂ ಒಂದು ಹೆಸರು ಹೇಳುತ್ತಾನೆ: ಟಾಮಿ. ಹುಡುಗನಿಗೆ ಮೊದಲೇ ಎಲ್ಲ ಹೇಗೆ ಗೊತ್ತಿತ್ತು? ಆಪಾದನೆಯ ಸರಪಳಿ ಮೊದಲ ಕೊಂಡಿಗೇ ವಾಪಸಾಗಿ ಸುತ್ತಿಕೊಳ್ಳುತ್ತದೆ. ಒಂದೊಂದೇ ಮನೆಯ ದೀಪ ಹತ್ತಿ ಆರುತ್ತದೆ, ಅದಕ್ಕೆ ತಕ್ಕಂತೆ ಗುಂಪು ಇತ್ತಿಂದತ್ತ ಹೊಯ್ದಾಡುತ್ತದೆ.

ಇದನ್ನೆಲ್ಲ ಸರ್ಲಿಂಗ್ ಎಲ್ಲಿಂದ ತಂದರು? ಕಂತನ್ನು ಕುರಿತ ಬರಹಗಳು ಸಾಮಾನ್ಯವಾಗಿ ಮೆಕಾರ್ತಿಯ ಹೆಸರು ಹೇಳುತ್ತವೆ. ಸರ್ಕಾರದೊಳಗೆ ಕಮ್ಯುನಿಸ್ಟರಿದ್ದಾರೆ, ನನ್ನ ಬಳಿ ಪಟ್ಟಿಯಿದೆ ಎಂದು ಸೆನೆಟರ್ ಜೋಸೆಫ್ ಮೆಕಾರ್ತಿ 1950ರ ಫೆಬ್ರುವರಿಯಲ್ಲಿ ಶುರುಮಾಡಿದ ಬೇಟೆ 1954ರವರೆಗೆ ದೇಶವನ್ನು ಆಡಿಸಿತು. ಅದೇ 1950ರಲ್ಲಿ ‘ರೆಡ್ ಚಾನೆಲ್ಸ್’ ಎಂಬ ಕಿರುಹೊತ್ತಗೆ ರೇಡಿಯೊ, ಟಿವಿಯ 151 ಮಂದಿಯ ಹೆಸರನ್ನು ಕಮ್ಯುನಿಸ್ಟ್ ನಂಟಿನ ಶಂಕೆಯೊಂದಿಗೆ ಅಚ್ಚುಹಾಕಿತು. ಆ ವರ್ಷದ ಕೊನೆಗೆ ಸಿಬಿಎಸ್ ತನ್ನ ನೌಕರರಿಂದ ನಿಷ್ಠೆಯ ಪ್ರಶ್ನಾವಳಿಗೆ ಸಹಿ ಹಾಕಿಸಿಕೊಂಡಿತು. ಮೇಪಲ್ ಬೀದಿ ಬಿತ್ತರವಾದದ್ದು ಅದೇ ಸಿಬಿಎಸ್‌ನಲ್ಲಿ. ಹೀಗಾಗಿ ಮೆಕಾರ್ತಿಯ ನೆರಳು ಇಲ್ಲಿ ಇರುವುದು ಖಂಡಿತ. ಆದರೂ ಆ ಬೇಟೆ ನಡೆದದ್ದು ಸಮಿತಿಯ ಕೋಣೆಗಳಲ್ಲಿ, ಮೈಕಿನ ಮುಂದೆ, ಕಾಗದದ ಮೇಲೆ. ಮೇಪಲ್ ಬೀದಿಯಲ್ಲಿ ಕಲ್ಲು ಇದೆ, ಬಂದೂಕು ಇದೆ, ಓಡುವ ಒಬ್ಬನ ಹಿಂದೆ ಊರಿಗೆ ಊರೇ ಇದೆ. ಆ ಚಿತ್ರ ಇನ್ನೊಂದು ಕಡೆಯಿಂದ ಬಂದದ್ದು.

1955ರ ಆಗಸ್ಟಿನಲ್ಲಿ ಷಿಕಾಗೊದಿಂದ ಮಿಸಿಸಿಪ್ಪಿಯ ಬಂಧುಗಳ ಮನೆಗೆ ಹೋಗಿದ್ದ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಬಿಳಿಯರು ಎತ್ತಿಕೊಂಡು ಹೋಗಿ ಕೊಂದರು. ಬಿಳಿಯರೇ ತುಂಬಿದ್ದ ಜ್ಯೂರಿ ಇಬ್ಬರು ಆರೋಪಿಗಳನ್ನು ಬಿಟ್ಟಿತು. ಬಿಡುಗಡೆಯಾದ ಮೇಲೆ ಅವರು ಪತ್ರಿಕೆಯೊಂದರ ಮುಂದೆ ಕೊಂದದ್ದನ್ನು ಒಪ್ಪಿಕೊಂಡರು. ಸರ್ಲಿಂಗ್ ಇದನ್ನು ನಾಟಕವಾಗಿಸಲು ಹೊರಟರು. ‘ನೂನ್ ಆನ್ ಡೂಮ್ಸ್‌ಡೇ’ ಎಂಬ ಆ ಟಿವಿ ನಾಟಕಕ್ಕೆ ಉಕ್ಕಿನ ಕಂಪನಿಯೊಂದು ಪ್ರಾಯೋಜಕ. ಇದು ಟಿಲ್ ಪ್ರಕರಣದ ಕತೆಯಂತೆ ಎಂಬ ಸುದ್ದಿ ಹರಡಿದ್ದೇ ತಡ, ದಕ್ಷಿಣದ ಬಿಳಿಯರ ಸಂಘಟನೆಗಳಿಂದ ಪತ್ರಗಳ ಮಳೆ. ಪ್ರಾಯೋಜಕರು ಹೆದರಿದರು. ಕತೆಯನ್ನು ದಕ್ಷಿಣದಿಂದ ಎತ್ತಿ ನ್ಯೂ ಇಂಗ್ಲೆಂಡಿಗೆ ಒಯ್ದರು, ಸತ್ತವನನ್ನು ಎಲ್ಲಿಯವನೆಂದು ಹೇಳದ ಪರದೇಶಿಯಾಗಿಸಿದರು, ಕೊಂದವನನ್ನು ದಾರಿ ತಪ್ಪಿದ ಒಳ್ಳೆಯ ಹುಡುಗನಾಗಿಸಿದರು. 1956ರ ಏಪ್ರಿಲಿನಲ್ಲಿ ತೆರೆಗೆ ಬಂದದ್ದರಲ್ಲಿ ಟಿಲ್ ಎಲ್ಲೂ ಇರಲಿಲ್ಲ. 1958ರಲ್ಲಿ ‘ಎ ಟೌನ್ ಹ್ಯಾಸ್ ಟರ್ನ್ಡ್ ಟು ಡಸ್ಟ್’ ಎಂದು ಇನ್ನೊಮ್ಮೆ ಪ್ರಯತ್ನಿಸಿದರು. ಈ ಸಲ ಅದನ್ನು ಹತ್ತೊಂಬತ್ತನೆಯ ಶತಮಾನದ ನೈಋತ್ಯಕ್ಕೆ ತಳ್ಳಲಾಯಿತು, ಸಾಯುವವನು ಮೆಕ್ಸಿಕನ್ ಆದ.

ಮುಂದಿನ ವರ್ಷ ಸರ್ಲಿಂಗ್ ಫ್ಯಾಂಟಸಿ ಸರಣಿಗೆ ಇಳಿದರು. 1959ರ ಸೆಪ್ಟೆಂಬರಿನಲ್ಲಿ ಮೈಕ್ ವಾಲೇಸ್ ಟಿವಿ ಸಂದರ್ಶನದಲ್ಲಿ ಕೆದಕಿದಾಗ, ಈ ಸರಣಿ ಸಾಮಾಜಿಕ ಟೀಕೆಯ ವಾಹನವಲ್ಲ, ಬರೀ ಮನರಂಜನೆ ಎಂಬ ಅರ್ಥದ ಮಾತಾಡಿದರು. ಸೋತವನ ಮಾತಿನಂತೆ ಕೇಳಿಸುತ್ತದೆ. ಆರು ತಿಂಗಳಲ್ಲಿ ಮೇಪಲ್ ಬೀದಿ ಬಂತು. ನಮ್ಮ ಅಲಂಕಾರಶಾಸ್ತ್ರ ಅನ್ಯೋಕ್ತಿ ಎನ್ನುವುದು ಇದನ್ನೇ: ದುಂಬಿಗೋ ಮರಕ್ಕೋ ಹೇಳಿದಂತೆ ಮಾಡಿ ಮನುಷ್ಯನಿಗೆ ಮುಟ್ಟಿಸುವುದು. ಪ್ರಾಯೋಜಕರು ಎರಡು ಸಲ ಮಾಡಿಸಿದ್ದ ಬದಲಾವಣೆಗಳನ್ನೆಲ್ಲ ಸರ್ಲಿಂಗ್ ಇಲ್ಲಿ ತಾವಾಗಿಯೇ ಮಾಡಿಬಿಟ್ಟಿದ್ದಾರೆ ನೋಡಿ. ಬೀದಿಯಲ್ಲಿ ಒಬ್ಬ ಕಪ್ಪು ಮನುಷ್ಯನೂ ಇಲ್ಲ. ಊರು ಎಲ್ಲಿಯದೆಂದು ಗೊತ್ತಿಲ್ಲ. ಪರದೇಶಿಯಂತೂ ಪರಲೋಕದವನೇ ಆಗಿದ್ದಾನೆ. ಸೆನ್ಸಾರ್ ಮಾಡುವವರಿಗೆ ಕತ್ತರಿಸಲು ಏನೂ ಉಳಿದಿಲ್ಲ. ಉಳಿದದ್ದು ಗುಂಪು ಮಾತ್ರ, ಯಾವ ಕಾರಣವನ್ನೂ ಹೊದ್ದುಕೊಳ್ಳದ ಬರಿಯ ಗುಂಪು.

ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ಲಾಭವೆಂದರೆ, ನೋಡುತ್ತಿರುವ ಬಿಳಿಯ ಮಧ್ಯಮವರ್ಗ ಇದು ದಕ್ಷಿಣದ ಒರಟರ ಕತೆ ಎಂದು ಜಾರಿಕೊಳ್ಳುವಂತಿಲ್ಲ. ಐಸ್‌ಕ್ರೀಮು, ಹುಲ್ಲುಹಾಸು, ಹೊಳೆಯುವ ಕಾರು, ಎಲ್ಲ ಅವರದೇ. ಇಂಥದೇ ಅಚ್ಚುಕಟ್ಟು ಬಡಾವಣೆ ಪೆನ್ಸಿಲ್ವೇನಿಯಾದ ಲೆವಿಟ್‌ಟೌನಿಗೆ 1957ರ ಆಗಸ್ಟಿನಲ್ಲಿ ಬಿಲ್ ಮತ್ತು ಡೇಸಿ ಮೈಯರ್ಸ್ ಎಂಬ ಕಪ್ಪು ದಂಪತಿ ಬಂದಾಗ ಅವರ ಮನೆ ಮುಂದೆ ರಾತ್ರಿಗಟ್ಟಲೆ ಗುಂಪು ನೆರೆದಿತ್ತು, ಕಿಟಕಿಗೆ ಕಲ್ಲು ಬಿದ್ದಿತ್ತು. ಹಾಗಾಗಿ ಮೇಪಲ್ ಬೀದಿಯ ಕಲ್ಲುಗಳು ಅನ್ಯಲೋಕದಿಂದ ಬಂದವೇನಲ್ಲ. ನಷ್ಟವೆಂದರೆ, ಎಲ್ಲರೂ ಎಲ್ಲರನ್ನೂ ಸರಿಸಮನಾಗಿ ಅನುಮಾನಿಸುವ ಈ ಬೀದಿಯಲ್ಲಿ ಅನುಮಾನಕ್ಕೆ ಬಣ್ಣವಿಲ್ಲ. ಹೊರಗಿನ ಜಗತ್ತಿನಲ್ಲಿ ಅದು ಯಾರನ್ನು ಮೊದಲು ಹುಡುಕಿಕೊಂಡು ಹೋಗುತ್ತದೆಂದು ಎಮೆಟ್ ಟಿಲ್‌ನ ತಾಯಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಕೊನೆಯ ತಿರುವು. ಬೀದಿ ರಣರಂಗವಾಗಿರುವಾಗ ಕ್ಯಾಮೆರಾ ದೂರದ ಗುಡ್ಡಕ್ಕೆ ಹೋಗುತ್ತದೆ. ಅಲ್ಲಿ ಒಂದು ಅಂತರಿಕ್ಷ ನೌಕೆ, ಇಬ್ಬರು ಅನ್ಯಲೋಕದವರು. ಒಬ್ಬ ಇನ್ನೊಬ್ಬನಿಗೆ ಪಾಠ ಹೇಳುತ್ತಿದ್ದಾನೆ: ಒಂದಷ್ಟು ಯಂತ್ರಗಳನ್ನು ನಿಲ್ಲಿಸಬೇಕು, ಕತ್ತಲು ಮಾಡಬೇಕು, ಆಮೇಲೆ ನೋಡುತ್ತ ಕೂತರೆ ಸಾಕು. ತಮ್ಮ ಶತ್ರುವನ್ನು ಅವರೇ ಹುಡುಕಿಕೊಳ್ಳುತ್ತಾರೆ, ಆ ಶತ್ರು ಅವರೇ ಆಗಿರುತ್ತಾರೆ. ಇಂಥ ಬೀದಿಗಳು ಲೋಕದ ತುಂಬ ಇವೆ, ಒಂದಾದ ಮೇಲೊಂದಕ್ಕೆ ಹೋಗೋಣ. ತಣ್ಣನೆಯ, ಗುಮಾಸ್ತರ ಮಾತು. ತೊಟ್ಟ ಉಡುಪು, ತೋರಿಸಿದ ನೌಕೆ ಎರಡೂ ಎಂಜಿಎಂನದೇ 1956ರ ಚಿತ್ರ ‘ಫರ್ಬಿಡನ್ ಪ್ಲಾನೆಟ್’ ಉಗ್ರಾಣದವು. ದುಡ್ಡಿಲ್ಲದ ಟಿವಿಯವರ ಮಿತವ್ಯಯ.

ಈ ಗುಡ್ಡದ ದೃಶ್ಯ ಕತೆಗೆ ಅನಗತ್ಯ ಎಂದು ನಾನು ಹೇಳುವುದಿಲ್ಲ, ಆದರೆ ಅದು ಬೀದಿಗೆ ತುಸು ವಿನಾಯಿತಿ ಕೊಟ್ಟುಬಿಡುತ್ತದೆ. ಯಾರೋ ಗುಂಡಿ ಒತ್ತುತ್ತಿದ್ದರು, ಪಾಪ ಇವರು ಬಲೆಗೆ ಬಿದ್ದರು ಎಂಬ ಸಮಾಧಾನ. ಕರೆಂಟು ಸುಮ್ಮನೆ ಹೋಗಿದ್ದರೆ, ಗುಡ್‌ಮನ್ನನ ಕಾರಿನ ವೈರಿಂಗು ಕೆಟ್ಟಿದ್ದರೆ? ಆಗಲೂ ಪೀಟ್ ಸಾಯುತ್ತಿದ್ದ. ಅದಾದ ಮೇಲೆ ತೆರೆಯ ಹಿಂದಿನ ಸರ್ಲಿಂಗ್ ದನಿ (ಮೊದಲ ಸೀಸನ್ನಿನ ಕಂತುಗಳಲ್ಲಿ ಅವರು ಬಹುಮಟ್ಟಿಗೆ ಕೇಳಿಸುತ್ತಿದ್ದರು, ಕಾಣಿಸುತ್ತಿರಲಿಲ್ಲ) ಮತ್ತೆ ಬಂದು ಇಡೀ ಕತೆಯ ತಾತ್ಪರ್ಯ ಹೇಳುತ್ತದೆ: ಗೆಲ್ಲುವುದಕ್ಕೆ ಬಾಂಬೇ ಬೇಕಿಲ್ಲ, ಪೂರ್ವಗ್ರಹವೂ ಆಯುಧ, ಅದರ ವಿಷ ಇನ್ನೂ ಹುಟ್ಟದ ಮಕ್ಕಳಿಗೂ ತಟ್ಟುತ್ತದೆ. ಕನ್ನಡ ವಿಮರ್ಶಕರು ಇಂಥಲ್ಲಿ ವಾಚ್ಯವಾಯಿತು ಎಂದು ಮೂಗು ಮುರಿಯುತ್ತಾರೆ, ನಾನೂ ಮುರಿಯುತ್ತೇನೆ. ಕಂತು ಇಪ್ಪತ್ತು ನಿಮಿಷ ಧ್ವನಿಯಲ್ಲಿ ಸಾಧಿಸಿದ್ದನ್ನು ಸೂತ್ರಧಾರ ಅರ್ಧ ನಿಮಿಷದಲ್ಲಿ ಬಿಡಿಸಿ ಹೇಳಿಬಿಟ್ಟ. ಆದರೆ ಎಮೆಟ್ ಟಿಲ್‌ನ ಕತೆಯನ್ನು ಎರಡು ಸಲ ಗುರುತು ಸಿಗದಂತೆ ಮಾಡಿಸಿಕೊಂಡ ಬರಹಗಾರ, ಈ ಸಲವೂ ಜನರಿಗೆ ತಿಳಿಯದೆ ಹೋದೀತೆಂದು ಹೆದರಿದ್ದರೆ ಅವನನ್ನು ದೂರುವುದು ಕಷ್ಟ.

2003ರಲ್ಲಿ ಸರಣಿಯನ್ನು ಹೊಸದಾಗಿ ಮಾಡಿದಾಗ ಇದೇ ಕತೆಯಲ್ಲಿ ಗುಡ್ಡದ ಮೇಲಿನವರನ್ನು ತೆಗೆದು ಸರ್ಕಾರದ ಪ್ರಯೋಗಕಾರರನ್ನು ಕೂರಿಸಿದರು. ಭಯೋತ್ಪಾದನೆಯ ಭೀತಿಗೆ ಸಣ್ಣ ಊರು ಹೇಗೆ ವರ್ತಿಸುತ್ತದೆಂಬ ಪರೀಕ್ಷೆಯಂತೆ ಅದು. ಕಾಲಕ್ಕೆ ತಕ್ಕ ಬದಲಾವಣೆ, ಆದರೆ ಸಪ್ಪೆ. ಸರ್ಕಾರವನ್ನು ಅನುಮಾನಿಸುವುದರಲ್ಲಿ ಪ್ರೇಕ್ಷಕನಿಗೆ ಏನೂ ಖರ್ಚಿಲ್ಲ.

ಗುಡ್ಡದ ಮೇಲೆ ಯಾರೂ ಕೂರದೆಯೂ ಈ ಕತೆ ನಡೆಯುತ್ತದೆ ಎಂಬುದಕ್ಕೆ ನಾವು ಬೀದರ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಗಿಂತ ದೂರ ಹೋಗಬೇಕಿಲ್ಲ. 2018ರ ಜುಲೈ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರಲ್ಲಿ ಒಬ್ಬರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರ ಸುದ್ದಿ ಆಗಲೇ ಮೊಬೈಲುಗಳಲ್ಲಿ ಹರಿದಾಡುತ್ತಿತ್ತು. ವಾಟ್ಸ್ಆ್ಯಪ್ ಸಂದೇಶ ಕಾರಿಗಿಂತ ಮುಂಚೆ ಮುಂದಿನ ಊರಿಗೆ ತಲುಪಿತು, ಗುಂಪು ಒಬ್ಬ ಸಾಫ್ಟ್‌ವೇರ್ ಎಂಜಿನಿಯರನನ್ನು ಹೊಡೆದು ಕೊಂದಿತು. ಚಾಕೊಲೇಟು ಕೊಟ್ಟದ್ದು ನಿಜ. ಗುಡ್‌ಮನ್ ಆಕಾಶ ನೋಡಿದ್ದೂ ನಿಜವಾಗಿತ್ತು. ಮೇಪಲ್ ಬೀದಿಯಲ್ಲಿ ಮಾತು ಹಬ್ಬಿಸಲು ಫೋನು ಸಾಯಬೇಕಾಗಿತ್ತು, ಮುರ್ಕಿಯಲ್ಲಿ ಅದು ಬದುಕಿರಬೇಕಾಗಿತ್ತು. ಅಷ್ಟೇ ವ್ಯತ್ಯಾಸ.

ಮತ್ತೆ ಸ್ಟೀವನ ರೇಡಿಯೊಗೆ ಬರೋಣ, ಏಕೆಂದರೆ ಈ ಕಂತಿನ ಬಗ್ಗೆ ನನ್ನೊಳಗೆ ಇನ್ನೂ ಮುಗಿಯದ ತಕರಾರು ಅದೊಂದೇ. ಜನ ಅವನ ಮೇಲೆ ಮುಗಿಬಿದ್ದಾಗ ಹೆಂಡತಿ ನಡುವೆ ಬರುತ್ತಾಳೆ. ಅದು ಬರಿಯ ಹ್ಯಾಮ್ ರೇಡಿಯೊ, ಎಷ್ಟೋ ಜನರ ಹತ್ತಿರ ಇರುತ್ತದೆ, ಕೆಳಗೇ ಇದೆ, ಬನ್ನಿ ತೋರಿಸುತ್ತೇನೆ ಎನ್ನುತ್ತಾಳೆ. ಸ್ಟೀವ್ ತಡೆಯುತ್ತಾನೆ. ಏನನ್ನೂ ತೋರಿಸಬೇಡ, ನಮ್ಮ ಮನೆಯೊಳಗೆ ನೋಡಬೇಕೆಂದರೆ ಸರ್ಚ್ ವಾರಂಟ್ ತರಲಿ. ಮೊದಲ ಸಲ ನೋಡಿದವರಿಗೆ ಅನಿಸುತ್ತದೆ, ಅಯ್ಯೋ ತೋರಿಸಬಾರದೇ, ಎರಡು ನಿಮಿಷದ ಕೆಲಸ. ಹೆಂಡತಿಯ ಮಾತು ವ್ಯಾವಹಾರಿಕ, ಗಂಡನದು ಹಟ. ತರಗತಿಯಲ್ಲಿ ಈ ಪ್ರಶ್ನೆ ಎತ್ತಿದರೆ ಹೆಚ್ಚಿನವರು ಹೆಂಡತಿಯ ಕಡೆಗೇ ನಿಲ್ಲುತ್ತಾರೆ ಎಂದು ಪಂದ್ಯ ಕಟ್ಟಬಲ್ಲೆ.

ನಾನು ಸ್ಟೀವನ ಕಡೆ. ಗುಡ್‌ಮನ್ ತನಗೆ ನಿದ್ದೆ ಬರುವುದಿಲ್ಲವೆಂದು ವಿವರಣೆ ಕೊಟ್ಟ, ಅದರಿಂದ ಅವನಿಗೇನು ದಕ್ಕಿತು? ವಿವರಣೆ ಕೊಟ್ಟ ಕ್ಷಣದಿಂದ ಅದನ್ನು ಒಪ್ಪುವ, ಬಿಡುವ ಅಧಿಕಾರ ಎದುರಿನವರಿಗೆ ಹೋಯಿತು. ಕಮ್ಯುನಿಸ್ಟರೇ ಎಂದು ಸಂಸತ್ತಿನ ಸಮಿತಿ 1947ರಲ್ಲಿ ಕೇಳಿದಾಗ ಉತ್ತರ ಕೊಡದ ಹತ್ತು ಮಂದಿ ಹಾಲಿವುಡ್ಡಿಗರು ಜೈಲು ಕಂಡರು. ಅವರಲ್ಲಿ ಒಬ್ಬ ಡಾಲ್ಟನ್ ಟ್ರಂಬೊ. ಆಮೇಲೆ ವರ್ಷಾನುಗಟ್ಟಲೆ ಬೇರೆಯವರ ಹೆಸರಿನಲ್ಲಿ ಚಿತ್ರಕತೆ ಬರೆದು ಬದುಕಿದ ಆತ, ‘ಎಕ್ಸೋಡಸ್’ ಚಿತ್ರಕ್ಕೆ ತನ್ನ ಹೆಸರಿನಲ್ಲೇ ಬರೆಯಲಿದ್ದಾನೆಂದು ನಿರ್ದೇಶಕ ಆಟೊ ಪ್ರೆಮಿಂಜರ್ ಬಹಿರಂಗಪಡಿಸಿದ್ದು 1960ರ ಜನವರಿಯಲ್ಲಿ, ಮೇಪಲ್ ಬೀದಿ ಬಿತ್ತರವಾಗುವ ಆರು ವಾರ ಮುಂಚೆ. ಸ್ಟೀವ್ ಸರ್ಚ್ ವಾರಂಟ್ ಕೇಳಿದಾಗ 1960ರ ಪ್ರೇಕ್ಷಕರಲ್ಲಿ ಕೆಲವರಿಗಾದರೂ ಆ ಹತ್ತು ಮಂದಿ ನೆನಪಾಗಿರಬೇಕು.

ಆ ರೇಡಿಯೊವನ್ನು ಸರ್ಲಿಂಗ್ ನಮಗೂ ತೋರಿಸುವುದಿಲ್ಲ. ಕ್ಯಾಮೆರಾ ಒಮ್ಮೆಯೂ ನೆಲಮಾಳಿಗೆಗೆ ಇಳಿಯುವುದಿಲ್ಲ. ಒಂದೇ ಒಂದು ಶಾಟ್ ಸಾಕಿತ್ತು, ಮೇಜಿನ ಮೇಲೆ ವೈರುಗಳ ನಡುವೆ ಒಂದು ಪೆಟ್ಟಿಗೆ, ನಮಗೆ ಸಮಾಧಾನವಾಗುತ್ತಿತ್ತು. ಚಿತ್ರಕತೆ ಅದನ್ನು ಬೇಕೆಂದೇ ತಡೆಹಿಡಿದಿದೆ. ನೋಡದೆ ಸ್ಟೀವನನ್ನು ನಂಬಬೇಕು, ಇಲ್ಲವೇ ಚಾರ್ಲಿಯ ಪಕ್ಕ ಹುಲ್ಲುಹಾಸಿನ ಮೇಲೆ ನಿಂತು ತೋರಿಸು ಅನ್ನಬೇಕು.